‘ದೆಮಯೆ-ಕನ್’ ಜಾಹೀರಾತಿನ ಹಾಸ್ಯವಿಚಾರ

ಜಪಾನುದೇಶದಲ್ಲಿ ಅಂಗಡಿಯ ಪಕ್ವಾನ್ನವನ್ನು ಮನೆಬಾಗಿಲಿಗೆ ತಂದೊಪ್ಪಿಸುವ ಪದ್ಧತಿಗೆ ‘ದೆಮಯೆ’ ಎಂದು ಹೆಸರು. ಸೋಬಾ ಶಾವಿಗೆಯ ತಟ್ಟೆಗಳನ್ನು ಹೆಗಲಮೇಲೆ ಹೊತ್ತು ಆಳುಗಳು ಬೈಸಿಕಲ್ಲಿನಲ್ಲಿ ತಿರುಗುತ್ತಿದ್ದ ಕಾಲದ ಈ ಮಾತನ್ನೇ ‘ದೆಮಯೆ-ಕನ್’ ಸಂಸ್ಥೆಯು ತನ್ನ ಹೆಸರಿನಲ್ಲಿ ಧರಿಸಿದೆ. 2020ರ ಸುಮಾರಿಗೆ ಪ್ರಸಾರವಾದ ಅದರ ದೂರದರ್ಶನದ ಜಾಹೀರಾತಿನಲ್ಲಿ ವಿನೋದನಟರಾದ ಹಮಾದಾ ಮಸತೊಶಿಯವರು ಹಾಡುವುದು 1961ರ ‘ಸೂದರ-ಬುಶಿ’ ಗೀತದ ಅನುಕರಣ.

ಅವೊಶಿಮಾ ಯುಕಿಯೊ ರಚಿಸಿ ಉವೆಕಿ ಹಿತೊಶಿ ಹಾಡಿದ ಆ ಮೂಲಗೀತದ ನಾಯಕನು ಕುಡಿತ, ಕುದುರೆಜೂಜುಗಳಲ್ಲಿ ಕೆಡುವವನು. ಕೇಡೆಂದು ಬಲ್ಲನು, ಬಿಡಲಾರನು. ತಾನೇ ನಗುವುದನ್ನು ಭರತಮುನಿಯು ಆತ್ಮಸ್ಥಹಾಸ್ಯವೆಂದನು. ಇಲ್ಲಿ ಹಾಡುವವನು ತನ್ನನ್ನೇ ಕಂಡು ನಗುತ್ತಾನೆ. ಉವೆಕಿಯವರು ಹಾಡಲು ಹಿಂಜರಿದಾಗ, ಬೌದ್ಧಪುರೋಹಿತರಾಗಿದ್ದ ಅವರ ತಂದೆಯವರು ಇದರಲ್ಲಿ ಶಿನ್‌ರಾನ್ ಆಚಾರ್ಯನ ಉಪದೇಶವೇ ಇದೆಯೆಂದು ಧೈರ್ಯಹೇಳಿದರಂತೆ. ನಗೆಯ ಕೆಳಗೆ ಅಷ್ಟು ಆಳವಿತ್ತು.

ಜಾಹೀರಾತಿನಲ್ಲಿ ಉಳಿದುದು ಧಾಟಿ. ಮೂಲದ ಪಲ್ಲವಿಯಲ್ಲಿ ‘ಸುಯಿ ಸುಯಿ’ ಎಂಬುದು ಸಾಮಗಾನದ ಸ್ತೋಭಾಕ್ಷರಗಳಂತೆ ಗಾನಕ್ಕಾಗಿಯೇ ಬಂದುದು. ಆ ಭಾಷೆಯಲ್ಲಿ ತಡೆಯಿಲ್ಲದೆ ಸಾಗುವುದಕ್ಕೂ ಅದೇ ಶಬ್ದವಿರುವುದರಿಂದ, ಊಟವು ಸರಾಗವಾಗಿ ಬಂದೊದಗುವುದೆಂಬ ಅರ್ಥವನ್ನು ಹೊಸ ಹಾಡು ಅದರಲ್ಲಿ ತುಂಬಿದೆ. ಶ್ಲೇಷವು ಚತುರವಾಗಿಯೇ ಇದೆ. ಒಮ್ಮೆ ಕೇಳಿದರೆ ನಾಲಗೆಯನ್ನು ಬಿಡದು. ಆದರೆ ಬಲ್ಲೆನಾದರೂ ಬಿಡಲಾರೆನೆಂಬ ದೌರ್ಬಲ್ಯವು ಮಾಯವಾಗಿದೆ. ಕೊಳ್ಳುವವನ ಚಾಪಲ್ಯವನ್ನು ಮಾರುವವನು ಹಾಸ್ಯಮಾಡಲಾರನಷ್ಟೆ! ಆದುದರಿಂದ ಇಲ್ಲಿ ದೊರೆಯುವುದು ಸ್ಮಿತಮಾತ್ರ; ಅದಕ್ಕೂ ಮಿಗಿಲಾದ ನಗೆಗೆ ವಿಭಾವವೇ ಇಲ್ಲ. ಅಡಿಗೆಮನೆಯಲ್ಲಿ ಅಕ್ಕಿಯಿದ್ದೂ ಬೆರಳೊತ್ತಿ ಊಟ ತರಿಸುವ ಸೋಮಾರಿಯು ಸೂದರ-ಬುಶಿಗೆ ತಕ್ಕ ಹೊಸ ನಾಯಕನಾಗಬಹುದಾಗಿತ್ತು. ಅವನನ್ನು ಹೊರಗಿಟ್ಟು ಧಾಟಿಯನ್ನು ಮಾತ್ರ ಎರವಲು ತಂದಿದ್ದಾರೆ.