ಎರಡು ಸಲ ನಡೆದರೂ ಕೆಡದ ಕೆಲಸ

ಪಾಂಡವಪುರದ ನೆರೆಯ ಕನ್ನಂಬಾಡಿ ಕಟ್ಟೆಗೆ ಹೋದವರು ಬೃಂದಾವನದ ಕಾರಂಜಿಗಳಿಗೆ ಮನಸೋತು ಹಿಂದಿರುಗುವುದು ವಾಡಿಕೆಯಷ್ಟೆ. ಆದರೆ ಯಂತ್ರಕ್ಕೆ ಕಾರ್ಯಭಾರವನ್ನೊಪ್ಪಿಸುವ ವಿದ್ಯೆಯಲ್ಲಿ ಆಸಕ್ತಿಯುಳ್ಳವರು ಅಲ್ಲಿ ಮೊದಲು ನೆನೆಯತಕ್ಕದ್ದು ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳನ್ನು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಪ್ರಥಮತಃ ಪ್ರಯೋಗಕ್ಕೆ ಬಂದು, 1911ರಲ್ಲಿ ಆರಂಭವಾದ ಈ ಕನ್ನಂಬಾಡಿ, ಎಂದರೆ ಕೃಷ್ಣರಾಜಸಾಗರದ ಕಟ್ಟೆಗೂ ಅಳವಟ್ಟ ಆ ವಿಧಾನದಲ್ಲಿ, ನೀರು ನಿಯತ ಮಟ್ಟವನ್ನು ಮೀರಿದೊಡನೆ ಬಾಗಿಲುಗಳು ತಾವಾಗಿ ತೆರೆದುಕೊಳ್ಳುವುವು, ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುವುವು. ನಕ್ಷೆ ಬರೆಯುವ ಕಾಲದಲ್ಲಿ ಎಂಜಿನಿಯರು ಮಾಡಿದ ಯೋಚನೆಯೇ ಪ್ರವಾಹ ಬಂದ ನಡುರಾತ್ರಿಯಲ್ಲಿ ಕಾರ್ಯಪ್ರವೃತ್ತವಾಗುತ್ತದೆ.

ಸರ್ವರ್ ನಿರ್ವಹಣೆಗಾಗಿ ಸ್ಕ್ರಿಪ್ಟ್ ಬರೆಯುವ ಕಲೆಯ ಸಾರವೂ ಇದೇ ಆಗಿದೆ. ಬ್ಯಾಕಪ್ ತೆಗೆಯುವುದು, ಬೆಳೆದ ಲಾಗ್ ಕಡತಗಳನ್ನು ಒತ್ತರಿಸುವುದು, ಡಿಸ್ಕ್ ತುಂಬುವ ಮುನ್ನ ಎಚ್ಚರಿಸುವುದು ಮೊದಲಾದ ನಿತ್ಯಕರ್ಮಗಳನ್ನು ಆಜ್ಞೆಗಳ ಸರಣಿಯಾಗಿ ಬರೆದಿಟ್ಟು, ಗೊತ್ತಾದ ವೇಳೆಗೆ ಯಂತ್ರವೇ ನಡೆಸುವಂತೆ ಮಾಡುವ ಪದ್ಧತಿಯು 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ, ಸ್ಟೀಫನ್ ಬೋರ್ನ್ ರಚಿಸಿದ ಶೆಲ್ ಹಾಗೂ ಕ್ರಾನ್ ಎಂಬ ವೇಳಾಪಾಲಕ ಇವೆರಡರ ಕೂಟದಿಂದ ಸ್ಥಿರವಾಯಿತು. ಇಂದು ಲಿನಕ್ಸ್‌ನಲ್ಲಿ ನಾವು ಬಳಸುವ ಬ್ಯಾಶ್ 1989ರಲ್ಲಿ ಬಂದು ಅದೇ ಪರಂಪರೆಯನ್ನು ಮುಂದುವರಿಸಿತು. ಬರೆಯಲು ಕಲಿಯುವುದು ಸುಲಭ. ಬರೆದುದು ಉತ್ತಮವೋ ಅಲ್ಲವೋ ಎಂಬುದು ಮಾತ್ರ ಎಲ್ಲವೂ ಸರಿಯಾಗಿರುವ ದಿನದಲ್ಲಿ ತಿಳಿಯದು. ಕೆಲಸ ಅರ್ಧಕ್ಕೆ ನಿಂತ ದಿನ ತಿಳಿಯುತ್ತದೆ.

ನಮ್ಮ ಸೀಮೆಯ ಯಾವುದಾದರೊಂದು ಹಳ್ಳಿಯ ಹಾಲಿನ ಡೇರಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲನ್ನು ಅಳೆದು, ಫ್ಯಾಟ್ ನೋಡಿ ಬರೆದುಕೊಂಡ ಲೆಕ್ಕವನ್ನು ರಾತ್ರಿ ಒಂದು ಸ್ಕ್ರಿಪ್ಟ್ ಮುಖ್ಯ ಖಾತೆಗೆ ಸೇರಿಸುತ್ತಿದೆಯೆಂದು ಭಾವಿಸಿ. ಅರ್ಧ ಮಂದಿಯ ಲೆಕ್ಕ ಸೇರುವಷ್ಟರಲ್ಲಿ ಕರೆಂಟು ಹೋಯಿತು. ಬೆಳಿಗ್ಗೆ ಕಾರ್ಯದರ್ಶಿಯವರು ಅದನ್ನೇ ಮತ್ತೊಮ್ಮೆ ನಡೆಸಿದರು. ಬರೆದವನು ಅವಿಚಾರಿಯಾಗಿದ್ದರೆ ಅರ್ಧ ಮಂದಿಯ ಹಾಲು ಇಮ್ಮಡಿಯಾಗಿ ಬಟವಾಡೆಯೇ ಕೆಡುವುದು. ವಿಚಾರವಂತನಾಗಿದ್ದರೆ ಪ್ರತಿಯೊಂದು ನಮೂದಿಗೂ ಮೊದಲು ಸದಸ್ಯರ ಸಂಖ್ಯೆ, ತಾರೀಖು, ಹೊತ್ತು ಈ ಮೂರನ್ನು ನೋಡಿ, ಆಗಲೇ ಇದ್ದುದನ್ನು ಬಿಟ್ಟು ಇಲ್ಲದುದನ್ನಷ್ಟೇ ಸೇರಿಸುವಂತೆ ಬರೆದಿರುತ್ತಾನೆ. ಎಷ್ಟು ಸಲ ನಡೆಸಿದರೂ ಫಲ ಒಂದೇ ಆಗಿರುವ ಈ ಗುಣವನ್ನು ನಾನು ಸ್ಕ್ರಿಪ್ಟಿನ ಪ್ರಥಮ ಲಕ್ಷಣವೆಂದು ಎಣಿಸುತ್ತೇನೆ.

ಎರಡನೆಯ ಲಕ್ಷಣ, ಸೋತಾಗ ನಿಲ್ಲುವುದು. ಬ್ಯಾಕಪ್ ಡಿಸ್ಕಿನೊಳಕ್ಕೆ ಹೋಗಿ ಹಳೆಯ ಪ್ರತಿಗಳನ್ನು ಅಳಿಸೆಂದು ಎರಡು ಆಜ್ಞೆಗಳಿದ್ದು, ಆ ದಿನ ಡಿಸ್ಕನ್ನೇ ಜೋಡಿಸಿರದಿದ್ದರೆ ಮೊದಲನೆಯ ಆಜ್ಞೆ ವಿಫಲವಾಗಿ, ಎರಡನೆಯದು ತಾನು ನಿಂತ ಸ್ಥಳದಲ್ಲಿರುವ ಮೂಲ ಕಡತಗಳನ್ನೇ ಅಳಿಸಿಬಿಡಬಹುದು. ಯುನಿಕ್ಸ್ ಸಂಪ್ರದಾಯದಲ್ಲಿ ಪ್ರತಿಯೊಂದು ಆಜ್ಞೆಯೂ ಮುಗಿಯುವಾಗ ಒಂದು ಅಂಕಿಯನ್ನು ಒಪ್ಪಿಸುತ್ತದೆ: ಸೊನ್ನೆಯಾದರೆ ಸಫಲ, ಬೇರೆ ಯಾವುದಾದರೂ ವಿಫಲ. ಆ ಅಂಕಿಯನ್ನು ಕೇಳದೆ ಮುಂದಿನ ಸಾಲಿಗೆ ಹೋಗಗೊಡಬಾರದು.

ಮೂರನೆಯ ಲಕ್ಷಣ, ಸೋತುದನ್ನು ಮನುಷ್ಯರ ಕಿವಿಗೆ ಮುಟ್ಟಿಸುವುದು. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರ ಕೋಡನ್ನು ಕಾಪಿಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಪ್ರಮಾದದಿಂದ ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸಿದಾಗ, ನಿತ್ಯವೂ ನಡೆಯುತ್ತಿದ್ದ ಬ್ಯಾಕಪ್ಪಿನಲ್ಲಿ ಏನೂ ಇಲ್ಲವೆಂಬುದು ಬೆಳಕಿಗೆ ಬಂತು. ದತ್ತಾಂಶವನ್ನು ನಿರ್ವಹಿಸುವ ತಂತ್ರಾಂಶದ ಆವೃತ್ತಿ 9.6, ಪ್ರತಿ ತೆಗೆಯುವ ಉಪಕರಣದ ಆವೃತ್ತಿ 9.2 ಆಗಿದ್ದುದರಿಂದ ಅದು ಪ್ರತಿದಿನವೂ ಸೋಲುತ್ತಿತ್ತು; ಸೋಲನ್ನು ತಿಳಿಸುವ ಇಮೇಲುಗಳೂ ತಿರಸ್ಕೃತವಾಗುತ್ತಿದ್ದುವು. ಅನ್ಯ ಕಾರಣಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿರಿಸಿದ್ದ ಒಂದು ಪ್ರತಿಯೇ ಅವರನ್ನು ಉಳಿಸಿತು. ಈ ವೃತ್ತಾಂತವನ್ನೆಲ್ಲ ಮರೆಮಾಚದೆ ಪ್ರಕಟಿಸಿದುದು ಆ ಸಂಸ್ಥೆಯ ಹಿರಿಮೆ. ಮೌನವಾಗಿ ಸೋಲುವ ಸ್ಕ್ರಿಪ್ಟಿಗಿಂತ ಸ್ಕ್ರಿಪ್ಟೇ ಇಲ್ಲದಿರುವುದು ಲೇಸೆಂಬುದಕ್ಕೆ ಅದಕ್ಕಿಂತ ಪ್ರಬಲವಾದ ಪ್ರಮಾಣವನ್ನು ನಾನು ಕಂಡಿಲ್ಲ.

ನಮ್ಮ ಊರುಗಳಿಗೆ ವಿಶೇಷವಾಗಿ ಸಲ್ಲುವ ಮಾತೊಂದುಂಟು. ನಿಗದಿಯಾದ ಗಳಿಗೆಯಲ್ಲಿ ಯಂತ್ರ ಆರಿಹೋಗಿದ್ದರೆ ಸಾಮಾನ್ಯ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ. ಆನಾಕ್ರಾನ್ ಎಂಬ ಸೋದರ ಉಪಕರಣವಾದರೋ ಯಂತ್ರ ಎದ್ದ ಮೇಲೆ ತಪ್ಪಿದ ಕೆಲಸವನ್ನು ನೆನಪಿಟ್ಟು ಪೂರೈಸುತ್ತದೆ. ಕರೆಂಟು ಹೋಗಿಬರುವ ಕಡೆ ಎರಡನೆಯದನ್ನೇ ಆರಿಸಿಕೊಳ್ಳುವುದು ಯುಕ್ತ. ಕೆಲಸ ತಪ್ಪದೆ ನಡೆದರೂ ಬ್ಯಾಕಪ್ ಇದೆಯೆಂಬ ನಂಬುಗೆಯೊಂದೇ ಸಾಲದು. ಆಗಾಗ್ಗೆ ಅದನ್ನು ಬೇರೊಂದು ಯಂತ್ರದಲ್ಲಿ ಬಿಚ್ಚಿ, ಲೆಕ್ಕ ತಾಳೆಯಾಗುವುದೇ ಎಂದು ಪರೀಕ್ಷಿಸಬೇಕು.

ಕೊನೆಯದಾಗಿ, ಸ್ಕ್ರಿಪ್ಟಿನೊಳಗೆ ಪ್ರತಿಯೊಂದು ಘಟ್ಟಕ್ಕೂ ಒಂದೊಂದು ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಿರಿ. ಯುನಿಕೋಡ್ ಬಂದಮೇಲೆ ಅದಕ್ಕೆ ಯಾವ ಅಡ್ಡಿಯೂ ಇಲ್ಲ, ಶೆಲ್ ಆ ಸಾಲುಗಳನ್ನು ಓದದೆ ದಾಟಿಹೋಗುತ್ತದೆ. ಅವು ಇರುವುದು ಮನುಷ್ಯರಿಗಾಗಿ. ಇಂದು ಬರೆದವರು ನಾಳೆ ವರ್ಗವಾಗಿ ಹೋದರೂ, ಈ ಸಾಲು ಇಲ್ಲೇಕಿದೆ, ಇದನ್ನು ತೆಗೆದರೆ ಕೆಡುವುದೇನು ಎಂಬ ವಿವೇಚನೆ ಅವರೊಡನೆ ಹೋಗದೆ ಆ ಕಚೇರಿಯ ಸ್ವತ್ತಾಗಿ ಉಳಿಯಬೇಕು. ಮುಂದೆ ಆ ಕೆಲಸಕ್ಕೆ ಬರುವ ಹಳ್ಳಿಯ ಹುಡುಗನೋ ಹುಡುಗಿಯೋ ಅದನ್ನು ಓದಿಯೇ ಈ ವಿದ್ಯೆಯನ್ನು ಕಲಿಯುವಂತಾಗಬೇಕು.