ನಡುಗಾಲದ ಪೆಂಟಿಯಂ

ಹಳೆಯ ಕಂಪ್ಯೂಟರೊಂದನ್ನು ಮನೆಯಲ್ಲಿಟ್ಟುಕೊಂಡು ಅದರಿಂದ ಇವತ್ತಿಗೂ ಕೆಲಸ ತೆಗೆಯಬೇಕು, ಯಾವುದನ್ನು ಹುಡುಕಲಿ ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: 1995ರಿಂದ 1997ರ ಆಸುಪಾಸಿನ, 100 ಇಲ್ಲವೇ 133 ಮೆಗಾಹರ್ಟ್ಸ್‌ನ ಪೆಂಟಿಯಂ. ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ. ಅವರ ಮನಸ್ಸಿನಲ್ಲಿರುವುದು 1981ರ ಮೊದಲ ಐಬಿಎಂ ಪಿಸಿ, ಅಥವಾ ಎಂಬತ್ತರ ದಶಕದ ನಡುವಿನಲ್ಲಿ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ಶಾಲೆಗಳಿಗೆ ಬಂದಿಳಿದ ಬಿಬಿಸಿ ಮೈಕ್ರೊ. ಅವುಗಳ ಅಂದ ನನಗೂ ಗೊತ್ತು. ಆದರೆ ಗಾಜಿನ ಕಪಾಟಿಗೆ ಬೇಕಾದ ಯಂತ್ರ ಬೇರೆ, ಮೇಜಿನ ಮೇಲೆ ದುಡಿಯಬೇಕಾದ ಯಂತ್ರ ಬೇರೆ. ದುಡಿಯಬೇಕಾದದ್ದಕ್ಕೆ ಹಿಂದಿನವರ ಮಾತೂ ತಿಳಿಯಬೇಕು, ಮುಂದಿನವರ ಮಾತೂ ತಿಳಿಯಬೇಕು. ಆ ಕಾಲದ ಪೆಂಟಿಯಂ ನಿಂತಿರುವುದು ಸರಿಯಾಗಿ ಅಂಥ ಜಾಗದಲ್ಲಿ.

ಅದರ ಮುಚ್ಚಳ ತೆಗೆದು ಮದರ್‌ಬೋರ್ಡು ನೋಡಿ. ಗಿಡ್ಡನೆಯ ಬಿಳಿ ಸ್ಲಾಟುಗಳು ಪಿಸಿಐ, ಉದ್ದನೆಯ ಕಪ್ಪು ಸ್ಲಾಟುಗಳು ಐಎಸ್‌ಎ. ಕಪ್ಪು ಸ್ಲಾಟಿನ ಉದ್ದನೆಯ ಭಾಗ 1981ರ ಐಬಿಎಂ ಪಿಸಿಯಲ್ಲಿದ್ದದ್ದೇ. 1984ರ ಪಿಸಿ ಎಟಿ ಬಂದಾಗ ಅದಕ್ಕೆ ಇನ್ನೊಂದು ತುಂಡು ಜೋಡಿಸಿ 16 ಬಿಟ್‌ಗೆ ಹಿಗ್ಗಿಸಿದರು. ಹಾಗಾಗಿ ಮೊದಲ ಪಿಸಿಗೆಂದು ಮಾಡಿದ ಎಷ್ಟೋ ಕಾರ್ಡುಗಳನ್ನು ಪೆಂಟಿಯಂಗೆ ಸಿಕ್ಕಿಸಿದರೂ ನಡೆಯುತ್ತವೆ. ಇದು ತಾನಾಗಿ ಆದದ್ದಲ್ಲ. ಐಬಿಎಂ ತನ್ನ ಪಿಸಿಯ ಸರ್ಕ್ಯೂಟ್ ನಕ್ಷೆಯನ್ನೂ ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ನ ಪೂರ್ತಿ ಪಟ್ಟಿಯನ್ನೂ ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿತು. ಬಯೋಸ್ ಅನ್ನು ಹಾಗೇ ನಕಲು ಮಾಡಿದರೆ ಕೃತಿಸ್ವಾಮ್ಯದ ತೊಡಕು. ಅದಕ್ಕೇ ಕಾಂಪ್ಯಾಕ್ ಕಂಪನಿ ಮೂಲವನ್ನು ನೋಡದ ಎಂಜಿನಿಯರುಗಳನ್ನು ಕೂರಿಸಿ, ಅದೇ ಕೆಲಸ ಮಾಡುವ ಬಯೋಸ್ ಅನ್ನು ಹೊಸದಾಗಿ ಬರೆಸಿತು. ಅಲ್ಲಿಂದಾಚೆಗೆ ಯಾರು ಪಿಸಿ ಮಾಡಿದರೂ ಹಳೆಯ ಪಿನ್ನುಗಳಿಗೆ, ಹಳೆಯ ಸಂಕೇತಗಳಿಗೆ ಹೊಂದಿಕೊಂಡೇ ಮಾಡಬೇಕಾಯಿತು. ಹಳೆಯ ಪಿಸಿಯನ್ನು ಇವತ್ತು ನಾವು ಉಳಿಸಿಕೊಳ್ಳಲು ಸಾಧ್ಯವಾಗಿರುವುದು ಈ ಹೊಂದಾಣಿಕೆಯ ಶಿಸ್ತಿನಿಂದ.

100–133 ಮೆಗಾಹರ್ಟ್ಸ್ ಎಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ಟರ್ಬೊ ಪಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಶುರುವಾಗುವಾಗ ಒಂದು ಖಾಲಿ ಸುತ್ತು ಓಡಿಸಿ ಯಂತ್ರದ ವೇಗ ಅಳೆಯುತ್ತವೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರುಗಳಲ್ಲಿ ಆ ಲೆಕ್ಕ ತನ್ನ ಅಂಕಣ ಮೀರಿ ಉಕ್ಕುತ್ತದೆ, ‘ರನ್‌ಟೈಮ್ ಎರರ್ 200’ ಎಂಬ ಸಾಲು ತೋರಿಸಿ ಪ್ರೋಗ್ರಾಮು ಮಡಿಯುತ್ತದೆ. ಕ್ಲಿಪ್ಪರ್‌ನಲ್ಲಿ ಬರೆದ ಲೆಕ್ಕಪತ್ರದ ತಂತ್ರಾಂಶಗಳಿಗೂ ಇಂಥದೇ ರೋಗವಿದೆ. ತೇಪೆ ಹಾಕುವ ಚಿಕ್ಕ ಉಪಕರಣಗಳು ಸಿಗುತ್ತವೆ, ಆದರೆ ತೇಪೆಯೇ ಬೇಡದ ಯಂತ್ರ ಇಟ್ಟುಕೊಳ್ಳುವುದು ನನಗೆ ಇಷ್ಟ.

ಹುಡುಕಲು ಬೆಂಗಳೂರಿನ ಎಸ್.ಪಿ. ರಸ್ತೆಯ ಒಳ ಓಣಿಗಳು ಆಗಬಹುದು, ಊರಿನ ಗುಜರಿ ಅಂಗಡಿಯೂ ಆಗಬಹುದು. ತಡಮಾಡಬೇಡಿ. ಆ ಕಾಲದ ಸೆರಾಮಿಕ್ ಪ್ರೊಸೆಸರುಗಳ ಪಿನ್ನುಗಳಿಗೆ ಚಿನ್ನದ ಲೇಪವಿದೆ. ಗುಜರಿಯವರು ಅವನ್ನು ಕಿತ್ತು ಕರಗಿಸುವವರಿಗೆ ಮಾರುತ್ತಾರೆ. ಒಳ್ಳೆಯ ಮದರ್‌ಬೋರ್ಡುಗಳು ನಡುವೆ ಖಾಲಿ ಚೌಕ ಹೊತ್ತು ರಾಶಿಯಲ್ಲಿ ಬಿದ್ದಿರುವುದು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಮನೆಗೆ ತಂದ ಮೇಲೆ ವಿದ್ಯುತ್ ಕೊಡುವ ಅವಸರ ಬೇಡ. ಪವರ್ ಸಪ್ಲೈ ಹಿಂಭಾಗದಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಗುಂಡಿ ಇರುತ್ತದೆ. 115ರಲ್ಲಿಟ್ಟು ನಮ್ಮ ಮನೆಯ ಪ್ಲಗ್ಗಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಒಳಗೆ ಮದರ್‌ಬೋರ್ಡಿಗೆ ಹೋಗುವ ಎರಡು ಕನೆಕ್ಟರುಗಳ ಕಪ್ಪು ತಂತಿಗಳು ನಡುವಿನಲ್ಲಿ ಒಂದರ ಪಕ್ಕ ಒಂದು ಬರಬೇಕು. ಅದಲು ಬದಲಾದರೆ ಬೋರ್ಡು ಸುಟ್ಟುಹೋಗುತ್ತದೆ. 486 ಅಥವಾ ಅದಕ್ಕೂ ಹಿಂದಿನ ಬೋರ್ಡಾದರೆ ಕೀಬೋರ್ಡ್ ಸಾಕೆಟ್ಟಿನ ಬಳಿ ನೀಲಿ ಅಥವಾ ಹಸಿರು ಬಣ್ಣದ ಪೀಪಾಯಿಯಂಥ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಾರೆ. ಅದು ಸೋರಿದರೆ ಹೊರಬರುವುದು ಕ್ಷಾರ. ತಾಮ್ರದ ಗೆರೆಗಳನ್ನು ಅದು ಸದ್ದಿಲ್ಲದೆ ತಿನ್ನುತ್ತಾ ಹೋಗುತ್ತದೆ. ಮೊದಲು ಬ್ಯಾಟರಿ ಕತ್ತರಿಸಿ ತೆಗೆಯಿರಿ, ವಿನಿಗರ್‌ನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಚೆನ್ನಾಗಿ ಒಣಗಿಸಿ. ಅದರ ಜಾಗಕ್ಕೆ ನಾಣ್ಯದಂಥ ಲಿಥಿಯಂ ಬ್ಯಾಟರಿ ಬೆಸೆಯುವುದಾದರೆ ನಡುವೆ ಒಂದು ಡಯೋಡ್ ಇರಲೇಬೇಕು. ಬೋರ್ಡು ಅದನ್ನು ಚಾರ್ಜ್ ಮಾಡಲು ಹೋದರೆ ಅಪಾಯ. ಕೆಲವು ಬೋರ್ಡುಗಳಲ್ಲಿ ಬ್ಯಾಟರಿಯ ಬದಲು ‘ಡಲ್ಲಾಸ್’ ಎಂದು ಬರೆದ ದಪ್ಪ ಕಪ್ಪು ಚಿಪ್ಪು ಇರುತ್ತದೆ. ಗಡಿಯಾರವೂ ಲಿಥಿಯಂ ಕೋಶವೂ ಒಂದೇ ರಾಳದೊಳಗೆ. ಅದು ಸೋರುವುದಿಲ್ಲ, ಆದರೆ ಹತ್ತು ವರ್ಷಕ್ಕೆಂದು ಮಾಡಿದ್ದು, ಇಷ್ಟರಲ್ಲಿ ಸತ್ತಿರುತ್ತದೆ. ಕಿತ್ತು ಬದಲಿ ಚಿಪ್ಪು ಹಾಕಬಹುದು.

ಇನ್ನು ಹಾರ್ಡ್ ಡಿಸ್ಕ್. ಹಳೆಯ ಯಂತ್ರಗಳಲ್ಲಿ ಮೊದಲು ಕೈಕೊಡುವುದು ಇದೇ. ಹೊಸ ಐಡಿಇ ಡಿಸ್ಕು ಅಂಗಡಿಯಲ್ಲಿ ಇಲ್ಲ, ಹಳೆಯದನ್ನು ನಂಬುವ ಹಾಗಿಲ್ಲ. ಇಲ್ಲಿ ಕೈಹಿಡಿಯುವುದು ಕ್ಯಾಮೆರಾಗಳಿಗೆಂದು ಬಂದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು. ಸ್ಯಾನ್‌ಡಿಸ್ಕ್ ಇದನ್ನು 1994ರಲ್ಲಿ ತಂದಾಗ ಒಳಗೆ ಮಾತಾಡುವ ರೀತಿಯನ್ನು ಹೊಸದಾಗಿ ಕಟ್ಟಲಿಲ್ಲ. ಆಗಲೇ ಬಳಕೆಯಲ್ಲಿದ್ದ ಐಡಿಇ ಹಾರ್ಡ್ ಡಿಸ್ಕಿನ ಆಜ್ಞೆಗಳನ್ನೇ ಇಟ್ಟುಕೊಂಡಿತು. ಕಾರ್ಡಿನ ಐವತ್ತು ಪಿನ್ನುಗಳಲ್ಲಿ ಒಂದನ್ನು, ಒಂಬತ್ತನೆಯದನ್ನು, ನೆಲಕ್ಕೆ ಕಟ್ಟಿದರೆ ಸಾಕು, ವಿದ್ಯುತ್ ಬಂದ ಕ್ಷಣದಿಂದ ಆ ಕಾರ್ಡು ತಾನು ಹಾರ್ಡ್ ಡಿಸ್ಕ್ ಎಂದೇ ವರ್ತಿಸುತ್ತದೆ. ಅದಕ್ಕಾಗಿ ಮಾರುವ ಅಡಾಪ್ಟರಿನಲ್ಲಿ ಯೋಚಿಸುವ ಚಿಪ್ಪೇ ಇಲ್ಲ. ಒಂದು ಸಾಲಿನ ಪಿನ್ನುಗಳನ್ನು ಇನ್ನೊಂದು ಸಾಲಿಗೆ ಮುಟ್ಟಿಸುವ ತಾಮ್ರದ ಗೆರೆಗಳು ಮಾತ್ರ. ತಿರುಗುವ ತಟ್ಟೆಯ ಸದ್ದಿಲ್ಲ, ಬಿಸಿಯಿಲ್ಲ. ಹಿನ್ನೆಲೆಯಲ್ಲಿ ಸುಮ್ಮಸುಮ್ಮನೆ ಬರೆಯುತ್ತಿರುವ ಅಭ್ಯಾಸ ಆ ಕಾಲದ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ಗೆ ಇಲ್ಲದ್ದರಿಂದ ಕಾರ್ಡು ಸವೆಯುವ ಭಯವೂ ಕಡಿಮೆ.

ಎರಡು ಎಚ್ಚರಿಕೆ. ಕಾರ್ಡನ್ನು ಯಾವ ಯಂತ್ರದಲ್ಲಿ ಬಳಸುತ್ತೀರೋ ಅದರಲ್ಲೇ ಪಾರ್ಟಿಷನ್ ಮಾಡಿ. ಸಿಲಿಂಡರು, ಹೆಡ್ಡು, ಸೆಕ್ಟರುಗಳ ಲೆಕ್ಕವನ್ನು ಒಂದೊಂದು ಬಯೋಸ್ ಒಂದೊಂದು ರೀತಿ ಹಾಕುತ್ತದೆ. ಬೇರೆಡೆ ತಯಾರು ಮಾಡಿ ತಂದ ಕಾರ್ಡು ಬೂಟ್ ಆಗದೆ ನಿಲ್ಲಬಹುದು. ಎಲ್ಲ ಸರಿಯಿದ್ದೂ ಕಪ್ಪು ಪರದೆಯೇ ಕಂಡರೆ, ಬೂಟ್ ಫ್ಲಾಪಿಯಿಂದ ‘ಎಫ್‌ಡಿಸ್ಕ್ ಸ್ಲ್ಯಾಶ್ ಎಂಬಿಆರ್’ ಆಜ್ಞೆ ಕೊಡಿ. ಕ್ಯಾಮೆರಾಕ್ಕೆಂದು ಬಂದ ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಬೂಟ್ ಮಾಡುವ ಸಾಲುಗಳು ಇಲ್ಲದಿರುವುದೇ ಹೆಚ್ಚು. ಎಷ್ಟು ದೊಡ್ಡ ಕಾರ್ಡು ಎಂಬ ಪ್ರಶ್ನೆಗೆ, 2 ಗಿಗಾಬೈಟ್ ಸಾಕು ಎನ್ನುತ್ತೇನೆ. ಎಂಎಸ್-ಡಾಸ್ 6.22ರ ಒಂದು ಪಾರ್ಟಿಷನ್ನಿನ ಮಿತಿಯೂ ಅಷ್ಟೇ. 486 ಕಾಲದ ಬಯೋಸ್‌ಗಳಾದರೋ 504 ಮೆಗಾಬೈಟ್‌ಗೆ ನಿಂತುಬಿಡುತ್ತವೆ: 1024 ಸಿಲಿಂಡರು, 16 ಹೆಡ್ಡು, 63 ಸೆಕ್ಟರು, ಒಂದೊಂದರಲ್ಲಿ 512 ಬೈಟು, ಗುಣಿಸಿದರೆ ಅಷ್ಟೇ ಆಗುವುದು. ಆ ಗೋಡೆ ದಾಟಿಸಲು ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯೋಸ್ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ಒಂದು ಇಪ್ರಾಮ್ ಚಿಪ್ಪಿಗೆ ಬರೆದು ಹಳೆಯ ನೆಟ್‌ವರ್ಕ್ ಕಾರ್ಡಿನ ಖಾಲಿ ಬೂಟ್ ರೋಮ್ ಸಾಕೆಟ್ಟಿಗೆ ಕೂರಿಸುತ್ತಾರೆ. ಯಂತ್ರ ಏಳುವಾಗ ಹಳೆಯ ಬಯೋಸ್ ಆ ಸಾಕೆಟ್ಟಿನಲ್ಲಿ ಏನಿದೆಯೆಂದು ನೋಡಿ, ಡಿಸ್ಕಿನ ಜವಾಬ್ದಾರಿಯನ್ನು ಅದಕ್ಕೇ ಒಪ್ಪಿಸುತ್ತದೆ. ನಲವತ್ತು ವರ್ಷಗಳ ಹಿಂದೆಯೇ ಇಂಥದೊಂದು ಬಾಗಿಲು ಬಿಟ್ಟವರ ಬಗ್ಗೆ ನನಗೆ ಅಪಾರ ಗೌರವ.

ಫ್ಲಾಪಿಯ ವಿಷಯಕ್ಕೆ ಬಂದರೆ, ಪೆಂಟಿಯಂ ಯಾಕೆ ಬೇಕು ಎಂಬುದಕ್ಕೆ ಇದೇ ದೊಡ್ಡ ಉತ್ತರ. ಈಗ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವುಗಳೆಲ್ಲ ಮೂರೂವರೆ ಇಂಚಿನವು. ಐದೂಕಾಲು ಇಂಚಿನ ಬಗ್ಗುವ ಫ್ಲಾಪಿ ಓದಲು ಅವುಗಳಿಂದಾಗದು. ಪೆಂಟಿಯಂನ ಫ್ಲಾಪಿ ಕಂಟ್ರೋಲರಿಗೆ ಎರಡೂ ಗೊತ್ತು. 1.2 ಮೆಗಾಬೈಟ್‌ನ ಡ್ರೈವು ಹಾಕಿದರೆ 360 ಕಿಲೋಬೈಟ್‌ನ ಹಳೆಯ ಫ್ಲಾಪಿಯನ್ನೂ ಓದಬಹುದು. ಓದಿ, ಆದರೆ ಬರೆಯಬೇಡಿ: ಆ ಡ್ರೈವಿನ ಹೆಡ್ಡು ಕಿರಿದು, ಹಳೆಯ ಅಗಲವಾದ ಜಾಡಿನ ನಡುವೆ ತೆಳ್ಳನೆಯ ಗೆರೆ ಎಳೆದುಬಿಡುತ್ತದೆ, ಆಮೇಲೆ ಮೂಲ ಡ್ರೈವಿಗೂ ಅದನ್ನು ಓದುವುದು ಕಷ್ಟವಾಗುತ್ತದೆ. ಡ್ರೈವಿಗೆ ಹಾಕುವ ಮೊದಲು ಅಂಚಿನ ಕಚ್ಚಿಗೆ ಪಟ್ಟಿ ಅಂಟಿಸಿ. ಮೂರೂವರೆ ಇಂಚಿನದರಲ್ಲಿ ಕಿಂಡಿ ತೆರೆದಿದ್ದರೆ ರಕ್ಷಣೆ, ಐದೂಕಾಲು ಇಂಚಿನದರಲ್ಲಿ ಮುಚ್ಚಿದ್ದರೆ ರಕ್ಷಣೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಉಳಿದ ಫ್ಲಾಪಿಗಳಿಗೆ ಬೂಷ್ಟು ಹಿಡಿದಿರುತ್ತದೆ. ಬೂಷ್ಟಿನ ಫ್ಲಾಪಿಯನ್ನು ನೇರ ಹಾಕಿದರೆ ಹೆಡ್ಡು ಕೊಳೆಯಾಗಿ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಹೊದಿಕೆಯ ಅಂಚು ಕತ್ತರಿಸಿ ಒಳಗಿನ ಬಿಲ್ಲೆ ಹೊರತೆಗೆದು, ಸೌಮ್ಯ ಸಾಬೂನಿನ ನೀರಿನಲ್ಲಿ ಮೆಲ್ಲಗೆ ತೊಳೆದು ನೆರಳಲ್ಲಿ ಒಣಗಿಸಿ ಬೇರೆ ಹೊದಿಕೆಗೆ ಹಾಕಿ ಓದಿಸಬೇಕು. ಆಗಲೂ ಬಗ್ಗದಿದ್ದರೆ ‘ಗ್ರೀಸ್‌ವೀಜಲ್’ ಎಂಬ ಚಿಕ್ಕ ಬೋರ್ಡಿದೆ. ಅದು ಹಳೆಯ ಡ್ರೈವನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ, ಅಕ್ಷರ ಹುಡುಕುವ ಗೋಜಿಗೆ ಹೋಗದೆ ಕಾಂತೀಯ ಏರಿಳಿತವನ್ನೇ ದಾಖಲಿಸುತ್ತದೆ. ಅದರ ಕರ್ತೃ ಕೀರ್ ಫ್ರೇಸರ್. ಫ್ಲಾಪಿ ಡ್ರೈವಿನ ಬದಲಿಗೆ ಪೆನ್‌ಡ್ರೈವ್ ಹಾಕಲು ಬಿಡುವ ‘ಗೋಟೆಕ್’ ಡಬ್ಬಿಗೆ ಫ್ಲ್ಯಾಶ್‌ಫ್ಲಾಪಿ ಎಂಬ ಒಳ್ಳೆಯ ಫರ್ಮ್‌ವೇರ್ ಬರೆದವರೂ ಅವರೇ. ಗೋಟೆಕ್ ಮೊದಲು ಬಂದದ್ದು ಕಸೂತಿ ಯಂತ್ರ, ಸಂಗೀತದ ಕೀಬೋರ್ಡುಗಳಂಥವಕ್ಕೆ. ಈಗ ನಮ್ಮಂಥವರ ಆಸರೆ.

ತಂತ್ರಾಂಶದಲ್ಲಿ ಆಯ್ಕೆ ಸುಲಭ. 1994ರಲ್ಲಿ ಮೈಕ್ರೋಸಾಫ್ಟ್ ಡಾಸ್‌ನಿಂದ ಕೈತೊಳೆಯುವ ಸೂಚನೆ ಕೊಟ್ಟಾಗ, ಜಿಮ್ ಹಾಲ್ ಎಂಬ ವಿದ್ಯಾರ್ಥಿ ಎಲ್ಲರಿಗೂ ಮುಕ್ತವಾದ ಡಾಸ್ ಬರೆಯೋಣ ಎಂದು ಕರೆಕೊಟ್ಟರು. ಅದೇ ಫ್ರೀಡಾಸ್, 2006ರಲ್ಲಿ 1.0 ಆವೃತ್ತಿ ಬಂತು, ಇಂದಿಗೂ ಬೆಳೆಯುತ್ತಿದೆ. ಅದರ ಜತೆ ಮೈಕೆಲ್ ಬ್ರಟ್‌ಮನ್ ಬರೆದ ಎಂಟಿಸಿಪಿ ಹಾಕಿಕೊಳ್ಳಿ. ಮೊದಲ ಪಿಸಿಯ 8088 ಪ್ರೊಸೆಸರಿನ ಮೇಲೂ ಓಡುವ ನೆಟ್‌ವರ್ಕ್ ಉಪಕರಣಗಳು ಇವು. ನೆಟ್‌ವರ್ಕ್ ಕಾರ್ಡಿನ ಪ್ಯಾಕೆಟ್ ಡ್ರೈವರ್ ಏರಿಸಿ, ಎಫ್‌ಟಿಪಿ ಸರ್ವರ್ ಶುರುಮಾಡಿದರೆ ಫ್ಲಾಪಿಯ ಕಡತಗಳು ಮನೆಯ ಹೊಸ ಲ್ಯಾಪ್‌ಟಾಪಿಗೆ ತಂತಿಯ ಮೂಲಕ ಹೋಗುತ್ತವೆ. ಗೂಢಲಿಪಿ ಇಲ್ಲದ ದಾರಿಯಾದ್ದರಿಂದ ಇದು ಮನೆಯೊಳಗೇ ಇರಲಿ. ಬರೆಯುವವರಿಗೆ ವರ್ಡ್‌ಸ್ಟಾರ್ ಇವತ್ತಿಗೂ ಸಾಕು: ಜಾರ್ಜ್ ಆರ್.ಆರ್. ಮಾರ್ಟಿನ್ ತಮ್ಮ ದೊಡ್ಡ ಕಾದಂಬರಿಗಳನ್ನು ಬರೆಯುವುದು ಅಂತರ್ಜಾಲ ಮುಟ್ಟದ ಡಾಸ್ ಯಂತ್ರದಲ್ಲಿ, ವರ್ಡ್‌ಸ್ಟಾರ್ 4.0ರಲ್ಲಿ. ಮಾನಿಟರಿಗೆ ವಿಜಿಎ ಕಿಂಡಿಯಿರುವ ಯಾವ ಎಲ್‌ಸಿಡಿ ಆದರೂ ನಡೆದೀತು, ಆದರೆ ಡಾಸ್‌ನ 720×400ರ ಅಕ್ಷರಪರದೆಯನ್ನು ಕೆಲವು ಎಲ್‌ಸಿಡಿಗಳು 640×400 ಎಂದು ತಪ್ಪಾಗಿ ತಿಳಿದು ಮಸುಕು ಮಾಡುತ್ತವೆ. ಕಣ್ಣಾರೆ ನೋಡಿ ಕೊಳ್ಳಿ.

ಕನ್ನಡದವರಿಗೆ ಇಂಥ ಯಂತ್ರದ ಅಗತ್ಯ ಇನ್ನೂ ಹೆಚ್ಚು ಎಂಬುದು ನನ್ನ ನಂಬಿಕೆ. ಡಾಸ್ ಕಾಲದಲ್ಲಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು ಐಎಸ್‌ಎ ಸ್ಲಾಟಿನಲ್ಲಿ ಕೂತು ಭಾರತೀಯ ಲಿಪಿಗಳನ್ನು ಪರದೆಗೆ ತರುತ್ತಿತ್ತು. ಅದು ಬಳಸುತ್ತಿದ್ದ ಇಸ್ಕಿ ಸಂಕೇತದಲ್ಲಿ ಅಕ್ಷರಕ್ಕೊಂದು ಸಂಖ್ಯೆ. ಯೂನಿಕೋಡ್‌ನ ಕನ್ನಡ ಭಾಗ ಅದರದೇ ಕ್ರಮವನ್ನು ಅನುಸರಿಸಿದ್ದರಿಂದ ಪರಿವರ್ತನೆ ನೇರ. ತೊಡಕಿರುವುದು ಆಮೇಲಿನ ವಿಂಡೋಸ್ ಡಿಟಿಪಿ ಕಡತಗಳಲ್ಲಿ. ಅಲ್ಲಿ ಸಂಖ್ಯೆ ಸಿಕ್ಕಿದ್ದು ಅಕ್ಷರಕ್ಕಲ್ಲ, ತುಣುಕಿಗೆ: ತಲೆಕಟ್ಟಿಗೊಂದು, ದೀರ್ಘಕ್ಕೊಂದು, ಒಂದೊಂದು ಒತ್ತಿಗೊಂದು. ಒಂದು ಕಂಪನಿಯ ಸಂಖ್ಯೆ ಇನ್ನೊಂದರದಲ್ಲ. ಆ ಫಾಂಟು ಇಲ್ಲದೆ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ತೊಂಬತ್ತರ ದಶಕದಲ್ಲಿ ಊರೂರಿನ ಮುದ್ರಣಾಲಯಗಳಲ್ಲಿ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಕವನ ಸಂಕಲನಗಳು, ಜಾತ್ರೆಯ ಸ್ಮರಣ ಸಂಚಿಕೆಗಳು, ಸ್ಥಳಪುರಾಣಗಳು ಇರುವುದು ಈ ಸ್ಥಿತಿಯಲ್ಲಿ. ಪೇಜ್‌ಮೇಕರ್ ಕಡತ ತೆರೆಯುವ ಶಕ್ತಿ ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಸಿಎಸ್6 ಆವೃತ್ತಿಯವರೆಗಿತ್ತು, ಮುಂದೆ ತೆಗೆದುಹಾಕಿದರು. ಅದೇ ಪೆಂಟಿಯಂಗೆ ವಿಂಡೋಸ್ 98, ಪೇಜ್‌ಮೇಕರ್, ಆ ಕಾಲದ ಫಾಂಟು ಹಾಕಿದರೆ ಪುಟ ಇದ್ದ ಹಾಗೇ ತೆರೆಯುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಕಡತವಾಗಿ ‘ಮುದ್ರಿಸಿ’, ಹೊಸ ಯಂತ್ರಕ್ಕೆ ಸಾಗಿಸಿ ಪಿಡಿಎಫ್ ಮಾಡಿದರೆ ಪುಟದ ರೂಪ ಉಳಿಯಿತು. ಪಠ್ಯವನ್ನು ಬೇರೆಯಾಗಿ ತೆಗೆದು ಯೂನಿಕೋಡ್ ಪರಿವರ್ತಕಕ್ಕೆ ಕೊಟ್ಟರೆ ಹುಡುಕಲು, ಮರುಮುದ್ರಿಸಲು ಬಂತು. ಎರಡನ್ನೂ ಮಾಡಿ. ಪರಿವರ್ತಕಗಳು ಅರ್ಕಾವೊತ್ತಿನಲ್ಲಿ ಎಡವುವುದುಂಟು, ಆಗ ತಾಳೆ ನೋಡಲು ಪಿಡಿಎಫ್ ಬೇಕು.

ಆ ಕಾಲದ ಅನೇಕ ಭಾರತೀಯ ಭಾಷಾ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಒಂದು ಬೀಗವಿಲ್ಲದೆ ಬಾಯಿ ಬಿಡುವುದಿಲ್ಲ. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಬದಲಿಸುವ ತಂತಿಗಳು ಸಾಮಾನ್ಯವಾಗಿ ಪ್ರಿಂಟರಿನಷ್ಟನ್ನು ಮಾತ್ರ ನಟಿಸುತ್ತವೆ, ಬೀಗವನ್ನು ಗುರುತಿಸುವುದಿಲ್ಲ. ಬೇಕಾದದ್ದು ಪೆಂಟಿಯಂನ ಬೆನ್ನಿಗಿರುವ ನಿಜವಾದ 25 ರಂಧ್ರಗಳ ಪೋರ್ಟು. ಹಾಗಾಗಿ ಪ್ರೆಸ್ಸು ನಡೆಸುವವರಲ್ಲಿ, ಅಪ್ಪನ ಪ್ರೆಸ್ಸಿನ ಸಾಮಾನು ಖಾಲಿ ಮಾಡುತ್ತಿರುವವರಲ್ಲಿ ಒಂದು ವಿನಂತಿ: ಹಳೆಯ ಕಂಪ್ಯೂಟರನ್ನು ಗುಜರಿಗೆ ಕಳಿಸುವ ಮುನ್ನ ಅದರ ಹಿಂಭಾಗ ತಡವಿ ನೋಡಿ. ಪ್ರಿಂಟರಿನ ತಂತಿಗೂ ಪೋರ್ಟಿಗೂ ನಡುವೆ ಬೆರಳುದ್ದದ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿಕೊಂಡಿದ್ದರೆ ಅದನ್ನು ಬಿಚ್ಚಿ, ಯಾವ ತಂತ್ರಾಂಶದ್ದೆಂದು ಚೀಟಿ ಅಂಟಿಸಿ, ಹಾರ್ಡ್ ಡಿಸ್ಕಿನ ಜತೆ ಒಂದೇ ಡಬ್ಬಿಯಲ್ಲಿಡಿ.