ಅಳತೆಗೆ ಹೊಂದಿದರೆ ಸಾಕೇ? – ಮುದ್ರಿತ ಮೂಳೆಗಳ ಬಗ್ಗೆ ಒಂದು ವಿಮರ್ಶೆ

2018ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಶುವೈದ್ಯೆ ಮಿಶೆಲ್ ಓಬ್ಲಾಕ್ ಅವರು ಪ್ಯಾಚಸ್ ಎಂಬ ಡ್ಯಾಕ್ಸ್‌ಹುಂಡ್ ನಾಯಿಯ ತಲೆಯಿಂದ ದೊಡ್ಡದೊಂದು ಕ್ಯಾನ್ಸರ್ ಗಡ್ಡೆಯನ್ನು ತೆಗೆದರು. ಅದರೊಡನೆ ಬುರುಡೆಯ ಮೇಲ್ಭಾಗದ ಸುಮಾರು ಶೇ. 70ರಷ್ಟೂ ಹೋಯಿತು. ಆ ಜಾಗದಲ್ಲಿ ಕೂರಿಸಿದ್ದು ಟೈಟೇನಿಯಂ ಫಲಕ. ಸಿ.ಟಿ. ಚಿತ್ರಗಳನ್ನು ಆಧರಿಸಿ ಗಣಕದಲ್ಲಿ ವಿನ್ಯಾಸಗೊಳಿಸಿ, ಮೂರು ಆಯಾಮದ ಮುದ್ರಣದಿಂದ ಆ ನಾಯಿಗೆಂದೇ ತಯಾರಿಸಿದ ಫಲಕವದು.

ಸಾಧನೆ ನಿಜವಾದದ್ದೇ. ಆದರೆ ಇಂಥ ಸಾಧನೆಗಳ ಬಗ್ಗೆ ಬರುವ ಜನಪ್ರಿಯ ಬರಹಗಳಲ್ಲಿ ಹಲವು ಒಂದೇ ಗುಣವನ್ನು ಹೊಗಳುತ್ತವೆ: ಕರಾರುವಾಕ್ಕಾಗಿ ಹೊಂದುವ ಅಳತೆ. ಗೋಕಾಕದ ಕುಶಲಕರ್ಮಿಗಳು ಮರದಲ್ಲಿ ಮಾಡುವ ಬಣ್ಣದ ಹಣ್ಣುಗಳನ್ನು ನೀವು ನೋಡಿರಬಹುದು. ಆಕಾರದಲ್ಲಿ ಏನೂ ಕೊರತೆಯಿಲ್ಲ. ಕಚ್ಚಿ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು. ಮೂಳೆಯನ್ನು ಹೀಗೆ ಪರೀಕ್ಷಿಸುವುದು ಹೊರೆ.

ಬುರುಡೆ ದೇಹದ ಭಾರ ಹೊರುವುದಿಲ್ಲ. ಕಾಲಿನ ಮೂಳೆಯ ವಿಷಯ ಹಾಗಲ್ಲ. ದೊಡ್ಡ ತಳಿಯ ನಾಯಿಗಳಲ್ಲಿ ಆಸ್ಟಿಯೋಸಾರ್ಕೋಮ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಮುಂಗಾಲಿನ ರೇಡಿಯಸ್ ಮೂಳೆಯ ಕೆಳತುದಿಯಲ್ಲಿ. ಟೈಟೇನಿಯಂ ಮಿಶ್ರಲೋಹದ ಯಂಗ್ ಗುಣಾಂಕ ಸುಮಾರು 110 ಗಿಗಾಪ್ಯಾಸ್ಕಲ್. ಗಟ್ಟಿ ಮೂಳೆಯದು 15ರಿಂದ 20. ಎರಡೂ ಜೊತೆಗೂಡಿದಾಗ ಹೊರೆಯ ಬಹುಪಾಲನ್ನು ಲೋಹವೇ ಹೊರುತ್ತದೆ. ಕೆಲಸವಿಲ್ಲದ ಮೂಳೆ ಕ್ರಮೇಣ ಕ್ಷೀಣಿಸುತ್ತದೆ. ಇದು 1892ರಲ್ಲಿ ಯೂಲಿಯಸ್ ವೋಲ್ಫ್ ಮಂಡಿಸಿದ ನಿಯಮ.

ಮುದ್ರಣದ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ. ಲೋಹವನ್ನು ಜಾಲರಿಯಂತೆ ಪೊಳ್ಳಾಗಿ ಕಟ್ಟಬಹುದು. ಅಂಥ ಜಾಲರಿಯ ಗುಣಾಂಕ ಅದರಲ್ಲಿರುವ ಲೋಹದ ಪಾಲಿನ ವರ್ಗಕ್ಕೆ ಸರಿಸುಮಾರು ಅನುಪಾತದಲ್ಲಿರುತ್ತದೆ. ಲೋಹ ಶೇ. 40ರಷ್ಟಿದ್ದರೆ ಗುಣಾಂಕ 110ರ 0.16 ಪಾಲು, ಅಂದರೆ ಸುಮಾರು 18. ಮೂಳೆಗೆ ಸಮ! ಆದರೆ ಲೋಹದ ಪಾಲು ಇಳಿದಂತೆ ಬಲವೂ ಕುಗ್ಗುತ್ತದೆ. ಹೆಜ್ಜೆ ಹೆಜ್ಜೆಗೂ ಬಾಗಿ ನೆಟ್ಟಗಾಗುವ ಎಳೆಗಳು ದಣಿದು ಬಿರುಕು ಬಿಡಬಹುದು. ಹೊಗಳಿಕೆಯ ಬರಹಗಳಲ್ಲಿ ಈ ಲೆಕ್ಕ ಅಪರೂಪ.

ರೋಗದ ಲೆಕ್ಕವೂ ಅಪರೂಪವೇ. ಗಡ್ಡೆ ಪತ್ತೆಯಾಗುವ ಹೊತ್ತಿಗೆ ಹೆಚ್ಚಿನ ನಾಯಿಗಳಲ್ಲಿ ಕ್ಯಾನ್ಸರ್ ಕಣಗಳು ಆಗಲೇ ಬೇರೆಡೆಗೆ, ಮುಖ್ಯವಾಗಿ ಶ್ವಾಸಕೋಶಕ್ಕೆ, ಹರಡಿರುತ್ತವೆ. ಬರೀ ಕಾಲು ಕತ್ತರಿಸಿದರೆ ನಾಯಿ ಸಾಮಾನ್ಯವಾಗಿ ಬದುಕುವುದು 4–5 ತಿಂಗಳು. ಕೀಮೋ ಚಿಕಿತ್ಸೆಯೂ ಸೇರಿದರೆ 10–12 ತಿಂಗಳು. ಮುದ್ರಿತ ಮೂಳೆ ಉಳಿಸುವುದು ಕಾಲನ್ನು. ಆಯುಸ್ಸನ್ನು ಹೆಚ್ಚಿಸುವುದು ಔಷಧಿ. ಕಾಲು ಉಳಿಸುವ ಶಸ್ತ್ರಕ್ರಿಯೆಯಲ್ಲಿ ಸೋಂಕಿನ ಕಾಟವೂ ಹೆಚ್ಚು.

ಇದರಿಂದ ನಮಗೇನು ಎಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತರು ಕೇಳಬಹುದು. ಅವರ ಕೊಟ್ಟಿಗೆಯಲ್ಲಿರುವುದು ಕಬ್ಬಿನ ಗಾಡಿ ಎಳೆಯುವ ಎತ್ತು. ನಮ್ಮ ದೇಶದ ಎತ್ತುಗಳನ್ನು ಹೆಚ್ಚಾಗಿ ಕಾಡುವುದು ಕೋಡಿನ ಕ್ಯಾನ್ಸರ್. ಇದು ಮೂಳೆಯಲ್ಲಿ ಹುಟ್ಟುವುದಿಲ್ಲ. ಕೋಡಿನೊಳಗಿನ ಪೊಳ್ಳಿನ ಪೊರೆಯಲ್ಲಿ ಹುಟ್ಟಿ ಮೂಳೆಯನ್ನು ತಿನ್ನುತ್ತದೆ. ಎತ್ತು ಪದೇ ಪದೇ ತಲೆ ಕೊಡವುತ್ತದೆ, ಕೋಡನ್ನು ಗೂಟಕ್ಕೆ ಉಜ್ಜುತ್ತದೆ, ಒಂದು ಬದಿಗೆ ತಲೆ ವಾಲಿಸುತ್ತದೆ. ಅದೇ ಬದಿಯ ಮೂಗಿನಲ್ಲಿ ರಕ್ತಮಿಶ್ರಿತ ಸ್ರಾವ ಕಾಣಬಹುದು. ಕೋಡು ಸಡಿಲಗೊಂಡು ವಾಲುವ ಮೊದಲೇ ಪಶುವೈದ್ಯರು ಅರಿವಳಿಕೆ ಕೊಟ್ಟು ಅದನ್ನು ಬುಡದಿಂದ ತೆಗೆದು ಚರ್ಮ ಹೊಲಿದರೆ ಎತ್ತು ಉಳಿಯುವ ಸಾಧ್ಯತೆ ಹೆಚ್ಚು. ಇದಕ್ಕೆ ಟೈಟೇನಿಯಂ ಬೇಡ. ಹೊತ್ತಿಗೆ ಸರಿಯಾಗಿ ನೋಡುವ ಕಣ್ಣು ಬೇಕು.

ಹಾಗಾದರೆ ಮುದ್ರಣ ತಂತ್ರಜ್ಞಾನ ನಮಗೆ ವ್ಯರ್ಥವೇ? ಅಲ್ಲ. ಕೋಡು ಮತ್ತು ಹಣೆಯ ಪೊಳ್ಳುಗಳ ಪ್ಲಾಸ್ಟಿಕ್ ಮಾದರಿಗಳನ್ನು ಮುದ್ರಿಸಿದರೆ ಪಶುವೈದ್ಯ ವಿದ್ಯಾರ್ಥಿಗಳು ಎತ್ತಿನ ಮೇಲೆ ಕೈಯಿಡುವ ಮೊದಲು ಅಭ್ಯಾಸ ಮಾಡಬಹುದು. ಅಲ್ಲಿ ಆಕಾರ ಸರಿಯಿದ್ದರೆ ಸಾಕು. ದೇಹದೊಳಗೆ ಕೂರುವ ವಸ್ತುವಿನ ಬಗ್ಗೆ ಓದುವಾಗ ಮಾತ್ರ ಮೂರು ಪ್ರಶ್ನೆ ಕೇಳಿ: ಹೊಂದಿತೇ? ಹೊರೆ ತಾಳಿತೇ? ರೋಗ ಹೋಯಿತೇ? ಮೊದಲನೆಯದಕ್ಕಷ್ಟೇ ಉತ್ತರ ಕೊಡುವ ಬರಹ ಮರದ ಹಣ್ಣಿನಂತೆ, ನೋಡಲು ಮಾತ್ರ ಚೆಂದ.